ನಂಜಕ್ಕ ಪೋಣಿಸಿದ ನೂರ ನಲವತ್ತೆಂಟು ಕಾರ್ಡು

ಕೊಳ್ಳೇಗಾಲದ ನೇಕಾರರ ಬೀದಿಗೆ ಬಂದು ಲೆಕ್ಚರರ್ ಸದಾಶಿವಪ್ಪನ ಮನೆ ಯಾವುದು ಎಂದು ಕೇಳಿ ನೋಡಿ. ಯಾರೂ ಹೇಳುವುದಿಲ್ಲ. “ಅಟ್ಟೆ ನಂಜಕ್ಕನ ಮನ್ಯಾ?” ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಆ ಸದಾಶಿವಪ್ಪ ನಾನೇ. ನಂಜಕ್ಕ ನನ್ನ ಒಡಹುಟ್ಟಿದ ಅಕ್ಕ, ಪೂರ್ತಿ ಹೆಸರು ಶಿವನಂಜಮ್ಮ. ಎಂ.ಎಸ್ಸಿ. ಓದಿ ಯಳಂದೂರಿನಲ್ಲಿ ಹುಡುಗರಿಗೆ ಗಣಿತ ಹೇಳಿಕೊಡುವ ನನಗೆ ಮೊದಲೆಲ್ಲ ಇದಕ್ಕೆ ಸಿಟ್ಟು ಬರುತ್ತಿತ್ತು. ಈಗ ಬರುವುದು ನಾಚಿಕೆ. ಅವಳ ಬಗ್ಗೆ ನಾಲ್ಕು ಮಾತು ಬರೆಯೋಣ ಎಂದು ಕೂತರೆ ನನ್ನ ಮಾನವೇ ಹರಾಜಾಗುತ್ತದೆ. ಆಗಲಿ, ಏನಂತೆ.

ಅಟ್ಟೆ ಎಂದರೆ ದಪ್ಪ ರಟ್ಟಿನ ಉದ್ದನೆಯ ಪಟ್ಟಿ. ರೇಷ್ಮೆ ಸೀರೆ ನೇಯುವ ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಕೂತಿರುತ್ತದೆ. ಈ ಪಟ್ಟಿಗಳನ್ನು ಸಾಲಾಗಿ ದಾರದಲ್ಲಿ ಪೋಣಿಸಿ ಅದಕ್ಕೆ ನೇತುಹಾಕುತ್ತಾರೆ. ಪಟ್ಟಿಯಲ್ಲಿ ತೂತು ಇದ್ದ ಕಡೆ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಲಾಳಿಯ ಒಂದೊಂದು ಓಟಕ್ಕೆ ಒಂದೊಂದು ಅಟ್ಟೆ. ರುದ್ರಾಕ್ಷಿ ಅಂಚು ಮೂಡಬೇಕೆಂದರೆ ನೂರಾರು ಅಟ್ಟೆ ಬೇಕು, ಅವುಗಳಲ್ಲಿ ಒಂದು ಹಿಂದುಮುಂದಾದರೂ ಅಂಚಿನ ಉದ್ದಕ್ಕೂ ರುದ್ರಾಕ್ಷಿ ಸೊಟ್ಟಗೆ ಕಾಣುತ್ತದೆ. ಆ ತೂತು ಹೊಡೆಯುವ ಕೆಲಸ ನಮ್ಮಪ್ಪ ಮಾದಯ್ಯನದಾಗಿತ್ತು.

ಐವತ್ತಾರರಲ್ಲಿ ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿತು. ಅದೇ ವರ್ಷ, ಹನೂರಿಗೆ ಕೊಟ್ಟಿದ್ದ ಅಕ್ಕ ಒಂದು ತಗಡಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ವಾಪಸ್ಸು ಬಂದಳು. ಭಾವ ಜ್ವರ ಬಂದು ಎಂಟೇ ದಿನದಲ್ಲಿ ಹೋಗಿಬಿಟ್ಟಿದ್ದ. ಅವಳಿಗೆ ಹತ್ತೊಂಬತ್ತು, ನನಗೆ ಆರು. ಅವ್ವ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ಬಂದವಳು ಪೆಟ್ಟಿಗೆ ಇಳಿಸಿ, ಒಲೆ ಹಚ್ಚಿ, ನನಗೆ ಮುದ್ದೆ ಹಾಕಿದಳು. ಅವತ್ತಿನಿಂದ ಇವತ್ತಿನವರೆಗೂ ಆ ಮನೆಯಲ್ಲಿ ಒಲೆ ಹಚ್ಚಿದವಳು ಅವಳೇ.

ಅಪ್ಪನ ಕಣ್ಣಿಗೆ ಪೊರೆ ಬಂದಾಗ ಉಳಿಯೂ ಸುತ್ತಿಗೆಯೂ ಅಕ್ಕನ ಕೈಗೆ ಬಂದವು. ನಾಲ್ಕನೇ ಕ್ಲಾಸಿಗೆ ಬಿಟ್ಟ ಹೆಂಗಸು, ನಕ್ಷೆಯ ಕಾಗದ ನೋಡಿ ತೂತು ಹೊಡೆಯುತ್ತಿದ್ದಳು. ಹೊಡೆದ ಮೇಲೆ ನೋಡುತ್ತಲೇ ಇರಲಿಲ್ಲ. ಕಿಟಕಿಯ ಕಡೆ ತಿರುಗಿ ಮಾತಾಡುತ್ತಾ, ಅಟ್ಟೆಯ ಮೇಲೆ ಬೆರಳು ಓಡಿಸಿ, “ಇಲ್ಲೊಂದು ಕಳ್ಳತೂತು ಅದೆ” ಎಂದು ತೆಗೆದಿಡುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಮಗ್ಗಿ ಒಪ್ಪಿಸುತ್ತಿದ್ದೆ. ತೂತು ಓದುವುದನ್ನು ಕಲಿಯಬೇಕು ಅಂತ ಒಂದು ದಿನಕ್ಕೂ ಅನ್ನಿಸಲಿಲ್ಲ. ಓದುವ ಹುಡುಗನಿಗೆ ಅದೆಲ್ಲ ಯಾಕೆ ಎಂದು ಅವಳೇ ಬಿಡುತ್ತಿರಲಿಲ್ಲ, ನನಗೂ ಅಷ್ಟೇ ಬೇಕಿತ್ತು.

ನಮ್ಮ ಮನೆಯ ಒಂದು ಶಿಸ್ತು ಹೇಳಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಹೊಸ ಅಟ್ಟೆಗಳನ್ನು ಬಿಡಿಬಿಡಿಯಾಗಿ ಮನೆಯಲ್ಲಿ ಇಟ್ಟುಕೊಳ್ಳಬಾರದು. ಅವತ್ತವತ್ತೇ ಪೋಣಿಸಿಬಿಡಬೇಕು. ಪೋಣಿಸಿದ ಮೇಲೆ ಮೊದಲನೇ ಅಟ್ಟೆಗೆ ಅರಿಶಿನ ಕುಂಕುಮ ಇಟ್ಟು ಹೊರಗೆ ಕಳಿಸಬೇಕು. ಅಕ್ಕ ಗಂಡ ಸತ್ತವಳಾದ್ದರಿಂದ ಕುಂಕುಮ ಇಡುವ ಕೆಲಸ ನನ್ನದು. ನಾನು ಊರಲ್ಲಿ ಇಲ್ಲದಾಗ ಪಕ್ಕದ ಮನೆಯ ಭಾಗ್ಯಮ್ಮ ಬಂದು ಇಡುತ್ತಿದ್ದಳು.

ಅಟ್ಟೆ ಹೊಡೆದು ಹೊಡೆದು ಅವಳು ನನ್ನನ್ನು ಎಂ.ಎಸ್ಸಿ.ವರೆಗೆ ತಂದಳು. ಅರವತ್ತೆಂಟರಲ್ಲಿ ಅಪ್ಪನೂ ಹೋದ. ಎಪ್ಪತ್ತೆರಡರಲ್ಲಿ ನಾನು ಕೊನೇ ವರ್ಷದ ಒಂದು ಪೇಪರಿನಲ್ಲಿ ನಪಾಸಾದೆ. ಊರಿಗೆ ಬಂದು ಏನು ಹೇಳಿದೆ ಗೊತ್ತೇ? ಫಸ್ಟ್ ಕ್ಲಾಸು, ಒಂದು ಸಣ್ಣ ಕೋರ್ಸು ಮಾತ್ರ ಬಾಕಿ ಇದೆ ಎಂದೆ. ಅಕ್ಕ ಬೀದಿಗೆಲ್ಲ ಸಕ್ಕರೆ ಹಂಚಿದಳು. ಭಾಗ್ಯಮ್ಮನ ಬಾಯಿಗೆ ಸಕ್ಕರೆ ಹಾಕುವಾಗ ಅಕ್ಕನ ಮುಖ ನೋಡಬೇಕಿತ್ತು. ನಾನು ನೋಡಲಿಲ್ಲ, ಚಪ್ಪಲಿ ಹುಡುಕುವವನಂತೆ ಬಗ್ಗಿದ್ದೆ.

ಆ ಪೇಪರನ್ನು ಹೇಗೆ ದಾಟುವುದು ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ನಮ್ಮ ಪ್ರೊಫೆಸರು ಒಂದು ದಾರಿ ತೋರಿಸಿದರು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಜನವರಿಯಲ್ಲಿ ಮೂರು ವಾರ ಕಂಪ್ಯೂಟರಿನ ಅಂತಾರಾಷ್ಟ್ರೀಯ ಕಿರುಶಾಲೆ. ಹೊರದೇಶದ ಮೇಷ್ಟ್ರುಗಳು, ಹೊರದೇಶದ ವಿದ್ಯಾರ್ಥಿಗಳು. ಹೊರಗಡೆ ಇಂಥ ಕಿರುಶಾಲೆಗಳಿಗೆ ಕ್ರೆಡಿಟ್ ಕೊಡುವ ರೂಢಿಯಿದೆಯಂತೆ. ಅಂದರೆ ಇಷ್ಟು ಪಾಠ ಕೇಳಿ, ಇಷ್ಟು ಕೆಲಸ ಮಾಡಿ ತೋರಿಸಿದ್ದಾನೆ ಎಂದು ಅಲ್ಲಿಯವರು ಬರೆದುಕೊಟ್ಟರೆ ನಮ್ಮ ವಿಶ್ವವಿದ್ಯಾಲಯ ಅದನ್ನು ಒಂದು ಪೇಪರಿನ ಬದಲಿಗೆ ಒಪ್ಪಿಕೊಳ್ಳುತ್ತದೆ. “ಇದೇ ಮೊದಲ ಸಲ ಒಪ್ಪಿಸಿದ್ದೇನೆ. ನನ್ನ ಮಾನ ಕಳೀಬೇಡ” ಎಂದು ಪ್ರೊಫೆಸರು ಕಾಗದ ಬರೆದುಕೊಟ್ಟರು. ಆ ಕ್ರೆಡಿಟ್ ಬಂದರೆ ನಾನು ಎಂ.ಎಸ್ಸಿ., ಬಾರದಿದ್ದರೆ ಅಕ್ಕ ಹಂಚಿದ ಸಕ್ಕರೆ ಸುಳ್ಳು. ನನಗೆ ಇದ್ದದ್ದು ಅದೊಂದೇ ದಾರಿ.

ಎಪ್ಪತ್ತಮೂರರ ಜನವರಿ ಒಂದನೇ ತಾರೀಖು ಇಪ್ಪತ್ತಮೂರು ಜನ ಸೇರಿದೆವು. ಕೊಲಂಬೊದವರು, ಮನಿಲಾದವರು, ಕೈರೋದವರು, ದಿಲ್ಲಿಯವರು. ಬೂಟು, ಕೋಟು, ಸೆಂಟಿನ ವಾಸನೆ. ಮುಖ್ಯ ಮೇಷ್ಟ್ರು ಡೆನ್ಮಾರ್ಕಿನ ವಯಸ್ಸಾದ ಹೆಂಗಸು, ಮೇಡಂ ಹೋಲ್ಮ್. ಆಕೆ ಮೊದಲ ಪಾಠಕ್ಕೇ ಒಂದು ಕಾರ್ಡು ಎತ್ತಿ ಹಿಡಿದರು. ಅಂಗೈಗಿಂತ ಸ್ವಲ್ಪ ಉದ್ದ, ತೆಳ್ಳಗೆ, ಮೈತುಂಬಾ ಚೌಕ ತೂತು. ಕಂಪ್ಯೂಟರಿಗೆ ನಾವು ಹೇಳಬೇಕಾದದ್ದನ್ನೆಲ್ಲ ಹೀಗೆ ತೂತು ಹೊಡೆದೇ ಹೇಳಬೇಕು, ಒಂದು ಸಾಲಿಗೆ ಒಂದು ಕಾರ್ಡು ಎಂದರು. ಆಮೇಲೆ ನಗುತ್ತಾ ಕೇಳಿದರು: “ಈ ವಿದ್ಯೆಯನ್ನು ನಾವು ಕಲಿತದ್ದು ನೇಕಾರರಿಂದ. ಅಂಥ ಮಗ್ಗವನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದೀರಾ?”

ನಾನು ಕೈ ಎತ್ತಲಿಲ್ಲ. ಅಯ್ಯೋ, ಎತ್ತಬೇಕಾದವನು ಆ ಕೋಣೆಯಲ್ಲಿ ಇದ್ದದ್ದು ನಾನೊಬ್ಬನೇ! ಪಕ್ಕದಲ್ಲಿ ಕೂತಿದ್ದ ದಿಲ್ಲಿಯವನಿಗೆ ಹಿಂದಿನ ಸಂಜೆ ತಾನೇ ನಮ್ಮದು ಬಟ್ಟೆ ವ್ಯಾಪಾರದ ಮನೆತನ ಎಂದು ಕೊಚ್ಚಿಕೊಂಡಿದ್ದೆ. ಕೈ ಎತ್ತಿದರೆ ಎದ್ದು ನಿಂತು ಹೇಳಿ ಅನ್ನುತ್ತಾರೆ, ಹೇಳಿದರೆ ಅಟ್ಟೆ ಹೊಡೆಯುವವರು ಎಂದು ಗೊತ್ತಾಗುತ್ತದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಕ್ರೆಡಿಟ್ಟಿಗೆ ಪ್ರತಿಯೊಬ್ಬರೂ ಒಂದು ಪ್ರೋಗ್ರಾಂ ಬರೆದು, ಕಾರ್ಡುಗಳಲ್ಲಿ ಹೊಡೆದು, ಹದಿನೈದನೇ ತಾರೀಖು ಸೋಮವಾರ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಬೇಕು. ನನ್ನದು ನೂರ ನಲವತ್ತೆಂಟು ಕಾರ್ಡಿನ ಕಟ್ಟು. ಹತ್ತು ದಿನ ತಿದ್ದಿದ್ದೆಲ್ಲ ಕಾರ್ಡಿನಲ್ಲೇ ಇತ್ತು, ಕಾಗದದಲ್ಲಿ ಇದ್ದದ್ದು ಹಳೆಯದು. ನಾನು ಹೊಡೆದ ಮಿಷನ್ನಿನ ಶಾಯಿಯ ರಿಬ್ಬನ್ನು ಒಣಗಿಹೋಗಿತ್ತು, ಹಾಗಾಗಿ ಕಾರ್ಡಿನ ನೆತ್ತಿಯ ಮೇಲೆ ಅಕ್ಷರ ಮೂಡಿರಲಿಲ್ಲ. ಬರೀ ತೂತು. ಆದರೆ ಮೇಡಂ ಹೇಳಿದ್ದರೆಂದು ಪ್ರತಿ ಕಾರ್ಡಿನ ಬಲಗಡೆಗೆ ಒಂದರಿಂದ ನೂರ ನಲವತ್ತೆಂಟರವರೆಗೆ ನಂಬರನ್ನೂ ಹೊಡೆದಿದ್ದೆ.

ಭಾನುವಾರ ಸಂಕ್ರಾಂತಿ. ಶನಿವಾರ ಊರಿನ ಬಸ್ಸು ಹತ್ತಿದೆ. ಕಟ್ಟನ್ನು ಅಲ್ಲೇ ಬೀರುವಿನಲ್ಲಿ ಇಟ್ಟು ಬರಬಹುದಿತ್ತು. ತಂದದ್ದು ಜಂಬಕ್ಕೆ, ಬೇರೆ ಯಾತಕ್ಕೂ ಅಲ್ಲ. ಮಳವಳ್ಳಿಯಲ್ಲಿ ಬಸ್ಸು ಗಕ್ಕನೆ ನಿಂತಾಗ ರಬ್ಬರ್ ಬ್ಯಾಂಡು ಕಿತ್ತು ಒಂದಷ್ಟು ಕಾರ್ಡು ಕಾಲಡಿಗೆ ಚೆಲ್ಲಿದವು. ಕೆಳಗೆ ಯಾರದೋ ಮಡಕೆಯ ನೀರು ಚೆಲ್ಲಿ ಕೆಸರಾಗಿತ್ತು. ಬಂಡಳ್ಳಿಯ ಪುಟ್ಟಮಾದಪ್ಪ ಎಂಬಾತ ಸೀಟಿನಡಿ ತೂರಿ ಆಯ್ದುಕೊಟ್ಟ. “ಇದೇನ್ ಸಾ ಇದು, ಉಳ ತಿಂದಂಗದೆ? ಬ್ಯಾರೆ ಒಸಾವು ತಕಳಿ” ಎಂದ. ಇಪ್ಪತ್ತಾರು ಕಾರ್ಡು ಬಿದ್ದಿದ್ದವು. ಯಾವುದು ಎಲ್ಲಿಯದು ಎಂದು ನನಗೆ ತೂತು ನೋಡಿ ಹೇಳಲು ಬರುತ್ತಿರಲಿಲ್ಲ. ಅಷ್ಟನ್ನೂ ಕಟ್ಟಿನ ಕೊನೆಗೆ ಸೇರಿಸಿ, ಸೋಮವಾರ ಬೇಗ ಹೋಗಿ ಅಲ್ಲಿನ ವಿಂಗಡಿಸುವ ಮಿಷನ್ನಿಗೆ ಹಾಕಿದರೆ ನಂಬರಿನ ಪ್ರಕಾರ ಅದೇ ಜೋಡಿಸುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮನೆಯಲ್ಲಿ ಅಕ್ಕನಿಗೆ ಕಾರ್ಡು ತೋರಿಸಿದೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

“ಲೇ, ಅಟ್ಟೆ ಕಣ್ಲಾ ಇದು!”

“ಅಟ್ಟೆ ಅಲ್ಲ ಅಕ್ಕ. ಇದು ಕಂಪ್ಯೂಟರಿಂದು.”

“ಯಾರ್ದಾದ್ರೇನು, ತೂತು ತೂತೇಯಾ. ಇಷ್ಟು ತೆಳ್ಳುಗಿದ್ರೆ ಮಗ್ಗುಕ್ಕೆ ತಡೀತದಾ?” ಎಂದು ನಕ್ಕಳು. “ನೋಡ್ದಾ, ನಾನು ನಿನ್ನ ಈ ಕೆಲ್ಸುಕ್ಕೆ ಆಕ್ಬಾರ್ದು ಅಂತ ಮೈಸೂರ್ಗೆ ಕಳಿಸ್ದೆ. ನೀನು ಬೆಂಗ್ಳೂರ್ಗೋಗಿ ಇದ್ನೇ ಕಲ್ತ್ಕ ಬಂದೆ.”

ಅವಳಿಗೆ ಎಷ್ಟು ಖುಷಿಯಾಗಿತ್ತು ಎಂದರೆ ಭಾಗ್ಯಮ್ಮನನ್ನು ಕೂಗಿ ಕರೆದು ತೋರಿಸಿದಳು. ನನಗೆ ಕೆಂಡದಂಥ ಕೋಪ. ವಿದೇಶದ ವಿದ್ಯೆ ಕಲಿತು ಬಂದರೆ ಇವಳು ಇದನ್ನೂ ಅಟ್ಟೆ ಎನ್ನುತ್ತಾಳಲ್ಲ ಎಂದು ಕಿತ್ತುಕೊಂಡು ಗೂಡಿನಲ್ಲಿ ಇಟ್ಟೆ.

ಮರುದಿನ ಹಬ್ಬ. ಎಣ್ಣೆ ನೀರು ಹಾಕಿಕೊಂಡು, ಕಿರುಶಾಲೆಯವರು ಕೊಟ್ಟಿದ್ದ ಹೆಸರಿನ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಂಡು ಗೆಳೆಯರ ಮನೆಗಳಿಗೆ ಎಳ್ಳು ಕೊಡಲು ಹೊರಟೆ. ವಾಪಸ್ಸು ಬಂದದ್ದು ಮಧ್ಯಾಹ್ನ ಮೂರಕ್ಕೆ. ನಡುಮನೆಯಲ್ಲಿ ಅಕ್ಕ ಚಾಪೆಯ ಮೇಲೆ ಕೂತಿದ್ದಳು. ಅವಳ ಮುಂದೆ ನನ್ನ ನೂರ ನಲವತ್ತೆಂಟು ಕಾರ್ಡೂ ಒಂದಕ್ಕೊಂದು ಪೋಣಿಸಿ, ಮಡಿಕೆ ಮಡಿಕೆಯಾಗಿ ಒಟ್ಟಿಕೊಂಡು ಕೂತಿದ್ದವು. ಪ್ರತಿ ಕಾರ್ಡಿನ ಎರಡೂ ತುದಿಗೆ ದುಂಡನೆಯ ತೂತು, ತೂತಿನಲ್ಲಿ ಬಿಳೀ ದಾರ. ಮೊದಲನೇ ಕಾರ್ಡಿನ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ.

“ಅಬ್ಬದ ದಿಸ ಬಿಡಿ ಅಟ್ಟೆ ಮಡಗ್ಬಾರ್ದು ಕಣ್ಲಾ. ಅದ್ಕೇ ಪೋಣಿಸ್ಬುಟ್ಟೆ. ಭಾಗ್ಯಮ್ಮನ ಕೈಲಿ ಕುಂಕುಮ ಇಡ್ಸಿವ್ನಿ” ಎಂದಳು. “ನಿನ್ನ ತೂತಿನ್ ತಾವ ಒಡ್ದಿಲ್ಲ, ತೀರ ಅಂಚ್ಗೆ ಒಡ್ದಿವ್ನಿ. ಆಮ್ಯಾಕೆ ಕೊನೇಲಿ ಒಂದಷ್ಟು ಎಲ್ಲೆಲ್ಲಿವೋ ಸೇರ್ಕಂಡಿದ್ದೊ...”

ನಾನು ಪೂರ್ತಿ ಕೇಳಲಿಲ್ಲ. ಆ ಕಂಪ್ಯೂಟರಿನ ಕಾರ್ಡು ಒಂದು ಮೂಲೆ ಮುದುರಿದರೂ ಮಿಷನ್ನು ಉಗಿಯುತ್ತದೆ. ಇಲ್ಲಿ ಒಂದೊಂದಕ್ಕೂ ಎರಡೆರಡು ತೂತು, ಮೇಲೆ ದಾರ! ವಿಂಗಡಿಸುವ ಮಿಷನ್ನಿಗೂ ಇನ್ನು ಹಾಕುವಂತಿಲ್ಲ. ಕ್ರೆಡಿಟ್ ಹೋಯಿತು, ಎಂ.ಎಸ್ಸಿ. ಹೋಯಿತು. ಅರಚಿದೆ. ಬೀದಿಗೆಲ್ಲ ಕೇಳುವ ಹಾಗೆ ಅರಚಿದೆ. ಆ ಭರದಲ್ಲಿ ಒಂದು ಮಾತು ಅಂದೆ. ಅದನ್ನು ಇಲ್ಲಿ ಬರೆಯಲಾರೆ. ಗಂಡ ಸತ್ತ ಹೆಂಗಸಿಗೆ ಯಾರೂ ಅನ್ನಬಾರದ ಮಾತು ಅದು. ಸಾಕಿದವಳಿಗೆ ಸಾಕಿಸಿಕೊಂಡವನು ಅಂದೆ. ಈ ನಾಲಿಗೆ ಅವತ್ತೇ ಬಿದ್ದುಹೋಗಬೇಕಿತ್ತು.

ನಾನು ಚೀಲ ತುಂಬಿಕೊಂಡು ಬಸ್ಸಿಗೆ ಹೊರಟಾಗ ಅಕ್ಕ ಹಿಂದಿನಿಂದ ಬಂದು ಎಳ್ಳು ಬೆಲ್ಲದ ಪೊಟ್ಟಣವನ್ನು ಚೀಲಕ್ಕೆ ತುರುಕಿದಳು. “ದಾರೀಲಿ ತಿನ್ಕಳಪ್ಪ” ಎಂದಳು.

ಸೋಮವಾರ ಬೆಳಿಗ್ಗೆ ಮಿಷನ್ನಿನ ಕೋಣೆಯಲ್ಲಿ ನನ್ನ ಕಟ್ಟನ್ನು ಚೀಲದಿಂದ ತೆಗೆಯುತ್ತಲೂ ಅದು ಸರಸರನೆ ಬಿಚ್ಚಿಕೊಂಡು ಮೇಜಿನಿಂದ ನೆಲದವರೆಗೆ ಇಳಿಯಿತು. ಆಪರೇಟರು ಕನ್ನಡದವನೇ. “ಏನ್ರೀ ಇದು, ಕಂಪ್ಯೂಟರ್‌ಗೆ ತೋರಣ ಕಟ್ಟೋಕೆ ತಂದ್ರಾ? ಕುಂಕುಮ ಬೇರೆ ಇಟ್ಟಿದೀರಿ!” ಎಂದು ಎಲ್ಲರನ್ನೂ ಕೂಗಿ ಕರೆದ. ಕೊಲಂಬೊದವರು, ಕೈರೋದವರು, ದಿಲ್ಲಿಯವನು, ಎಲ್ಲರೂ ಸುತ್ತ ನಿಂತು ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ನಗು ಕೇಳಿ ಮೇಡಂ ಹೋಲ್ಮ್ ಬಂದರು. ಅವರು ನಗಲಿಲ್ಲ. ಕನ್ನಡಕ ಹಾಕಿಕೊಂಡು, ಮಂಡಿಯೂರಿ ಕೂತು, ದಾರದ ಗಂಟುಗಳನ್ನು ಒಂದೊಂದಾಗಿ ನೋಡಿದರು.

“ಇದನ್ನು ಯಾರು ಮಾಡಿದ್ದು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಮ್ಮಕ್ಕ ಎನ್ನಲು ಎಷ್ಟು ಹೊತ್ತು ಬೇಕು? ಅಂದರೆ ಅಕ್ಕ ಏನು ಮಾಡುತ್ತಾಳೆ ಎಂದು ಕೇಳುತ್ತಾರೆ. ಮಗ್ಗ ಕಂಡವರು ಇದ್ದೀರಾ ಎಂದಾಗ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ದಿಲ್ಲಿಯವನು ನನ್ನನ್ನೇ ನೋಡುತ್ತಿದ್ದ.

“ನಮ್ಮ ಮನೆಯ ಕೆಲಸದವಳು ಮೇಡಂ. ಓದುಬರಹ ಗೊತ್ತಿಲ್ಲದ ಹೆಂಗಸು” ಎಂದೆ.

ಮೇಡಂ ನನಗೆ ಇನ್ನೊಂದು ದಿನ ಕೊಟ್ಟರು. ಕಾರ್ಡು ಹೊಡೆಯುವ ಮಿಷನ್ನಿಗೆ ಹಳೆಯ ಕಾರ್ಡನ್ನು ತೋರಿಸಿದರೆ ಅದನ್ನು ನೋಡಿಕೊಂಡು ಹೊಸದರಲ್ಲಿ ಅದೇ ತೂತುಗಳನ್ನು ಹೊಡೆಯುತ್ತದೆ. ದಾರದ ತೂತು ಇರುವ ಎರಡು ತುದಿಯಲ್ಲಿ ಮಾತ್ರ ನಾನು ಕೈಯಿಂದ ತಪ್ಪಿಸಬೇಕು. “ಸರದ ಒಂದು ಬದಿಯ ದಾರವನ್ನಷ್ಟೇ ಸಡಿಲಿಸು, ಕತ್ತರಿಸಬೇಡ” ಎಂದು ಹೇಳಿ ತಾವ್ಯಾಕೋ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದರು. ಕ್ರಮ ತಪ್ಪಿರುತ್ತದೆ, ಕೊನೆಯ ಇಪ್ಪತ್ತಾರನ್ನು ಎಲ್ಲಿಗೆ ಸೇರಿಸಲಿ ಎಂಬ ದಿಗಿಲಿನಲ್ಲೇ ನಾನು ಶುರುಮಾಡಿದೆ.

ಹದಿನಾಲ್ಕನೇ ಕಾರ್ಡಿನ ಮೇಲೆ ಕೆಸರಿನ ಕಲೆ ಕಂಡಿತು. ಮಳವಳ್ಳಿಯ ಕೆಸರು. ಅದನ್ನು ನಾನು ಕಟ್ಟಿನ ಕೊನೆಯಲ್ಲಿ ಇಟ್ಟಿದ್ದೆ. ಮುಂದೆ ಹತ್ತೊಂಬತ್ತಕ್ಕೆ ಒಂದು, ಮೂವತ್ತಕ್ಕೆ ಒಂದು, ಮೂವತ್ತೊಂದಕ್ಕೆ ಒಂದು. ಮಿಷನ್ನಿನ ಮೇಲಿದ್ದ ಪಟ್ಟಿ ಇಟ್ಟುಕೊಂಡು ನಂಬರಿನ ತೂತುಗಳನ್ನು ಬೆರಳಿಟ್ಟು ಎಣಿಸಿದೆ. ಎಲ್ಲ ಸರಿಯಾಗಿತ್ತು. ಇಪ್ಪತ್ತಾರಕ್ಕೆ ಇಪ್ಪತ್ತಾರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತಿದ್ದವು. ಒಂದು, ಎರಡು, ಮೂರು ಎಂದು ನಂಬರು ಏರುತ್ತ ಹೋದ ಹಾಗೆ ಆ ತೂತು ಒಂದೊಂದು ಕಾರ್ಡಿಗೆ ಒಂದೊಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ, ಹತ್ತಾದ ಮೇಲೆ ಮತ್ತೆ ನೆತ್ತಿಗೆ ಹೋಗುತ್ತದೆ, ಆಗ ಪಕ್ಕದ ಸಾಲಿನ ತೂತು ಒಂದು ಮೆಟ್ಟಿಲು ಇಳಿಯುತ್ತದೆ. ಅದು ನಂಬರು ಎಂದು ಅಕ್ಕನಿಗೆ ಗೊತ್ತಿಲ್ಲ. ಅವಳ ಬೆರಳಿಗೆ ಮೆಟ್ಟಿಲು ತಪ್ಪಿದ್ದು ಗೊತ್ತಾಗಿತ್ತು, ಸರಿಮಾಡಿ ಪೋಣಿಸಿದ್ದಳು. ಅದನ್ನೇ ಅವಳು ಹೇಳಲು ಹೊರಟದ್ದು, ನಾನು ಬಾಯಿ ಮುಚ್ಚಿಸಿದ್ದು. ಆ ಮಿಷನ್ನಿನ ಮುಂದೆ ಕೂತು ನಾನು ಅತ್ತೆ. ಅತ್ತದ್ದು ನಿಜ, ಆದರೆ ಎದ್ದು ಹೋಗಿ ಮೇಡಂಗೆ ಹೇಳಲಿಲ್ಲ ಎಂಬುದೂ ಅಷ್ಟೇ ನಿಜ.

ಮಂಗಳವಾರ ಬೆಳಿಗ್ಗೆ ನನ್ನ ಪ್ರೋಗ್ರಾಂ ಒಂದೇ ಸಲಕ್ಕೆ ಓಡಿತು. ಇಪ್ಪತ್ತಮೂರು ಜನರಲ್ಲಿ ಹಾಗೆ ಓಡಿದ್ದು ಮೂವರದು. ದಿಲ್ಲಿಯವನು ಬೆನ್ನು ತಟ್ಟಿದ.

ಕೊನೆಯ ದಿನ ಮೇಡಂ ಕ್ರೆಡಿಟ್ಟಿನ ಫಾರಂ ತುಂಬಿಸಲು ಒಬ್ಬೊಬ್ಬರನ್ನೇ ಕರೆದರು. ಅದರಲ್ಲಿ ಒಂದು ಕಾಲಂ ಇತ್ತು: ಈ ಕೆಲಸದಲ್ಲಿ ನೆರವಾದವರ ಹೆಸರು. “ಇದರಿಂದ ನಿನ್ನ ಅಂಕವೇನೂ ಕಡಿಮೆಯಾಗುವುದಿಲ್ಲ. ಆ ಹೆಂಗಸಿನ ಹೆಸರು ಬರೆ” ಎಂದು ಪೆನ್ನು ಕೊಟ್ಟರು.

ಪೆನ್ನು ಕೈಯಲ್ಲಿತ್ತು. ಬರೆದರೆ ಆ ಫಾರಂ ನಮ್ಮ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅಲ್ಲಿ ನಮ್ಮ ಪ್ರೊಫೆಸರಿಗೆ ನನ್ನ ಮನೆ, ನನ್ನ ಅಕ್ಕ ಶಿವನಂಜಮ್ಮ ಎಲ್ಲ ಗೊತ್ತು. ಆಕೆ ಕೆಲಸದವಳಲ್ಲ ಎಂದು ಅವರು ಮೇಡಂಗೆ ಒಂದು ಸಾಲು ಬರೆದರೆ ಸಾಕು, ನನ್ನ ಕಥೆ ಮುಗಿಯಿತು. ಹೆದರಿದೆ.

“ಹೆಸರು ನನಗೆ ಗೊತ್ತಿಲ್ಲ ಮೇಡಂ” ಎಂದೆ.

ಅವರು ಪೆನ್ನು ವಾಪಸ್ಸು ತೆಗೆದುಕೊಂಡು ತಾವೇ ಬರೆದರು: ಮನೆಗೆಲಸದ ಹೆಂಗಸು, ಹೆಸರು ವಿದ್ಯಾರ್ಥಿಗೆ ಗೊತ್ತಿಲ್ಲ. ಆ ಕಾರ್ಡಿನ ಸರವನ್ನು ತಮಗೆ ಕೊಡುವೆಯಾ ಎಂದು ಕೇಳಿದರು. ಪೀಡೆ ತೊಲಗಿತು ಎಂದು ಕೊಟ್ಟೆ. ನನ್ನ ಎಂ.ಎಸ್ಸಿ. ಪಾಸಾದದ್ದು ಆ ಫಾರಂ ಮೇಲೆ. ಈಗಲೂ ಅದು ಯಾವುದೋ ಬೀರುವಿನಲ್ಲಿ ಇದೆ.

ಜುಲೈ ಹೊತ್ತಿಗೆ ಅಂಕಪಟ್ಟಿ ಬಂತು, ಯಳಂದೂರಿಗೆ ಆರ್ಡರೂ ಬಂತು. ಆರ್ಡರು ತೋರಿಸಲು ಊರಿಗೆ ಹೋದೆ. ಸಂಕ್ರಾಂತಿಯ ಮಾತನ್ನು ಅವಳು ಎತ್ತಲಿಲ್ಲ. “ಆ ಅಟ್ಟೆ ಓಡ್ತಾ?” ಎಂದಷ್ಟೇ ಕೇಳಿದಳು. “ಓಡ್ತು” ಎಂದೆ. “ಅಷ್ಟೇ ಬೇಕಾಗಿದ್ದುದ್ದು ಬುಡು” ಎಂದು ಹೋಳಿಗೆಗೆ ಹೂರಣ ರುಬ್ಬಲು ಕೂತಳು. ಇಪ್ಪತ್ತಾರು ಕಾರ್ಡಿನ ಮಾತು ಹೇಳಬೇಕಿತ್ತು. ಹೇಳದೆ ಜಗಲಿಗೆ ಹೋದೆ. ಬೀದಿಯವರು ಒಬ್ಬೊಬ್ಬರಾಗಿ ಬಂದು ಜಗಲಿಯ ಮೇಲೆ ಕೂತಿದ್ದರು, ನಾನು ನಡುವೆ ಹೊಸ ಅಂಗಿ ಹಾಕಿಕೊಂಡು ಕೂತಿದ್ದೆ.

ಆಗ ಅಂಚೆಯ ಪುಟ್ಟಮಲ್ಲಪ್ಪ ಸೈಕಲ್ಲು ಇಳಿದ. ಕೈಯಲ್ಲಿ ಒಂದು ಪುಟ್ಟ ಪಾರ್ಸೆಲ್ಲು, ಅದರ ತುಂಬಾ ಹೊರದೇಶದ ಸ್ಟಾಂಪು. ಅವನು ವಿಳಾಸವನ್ನು ಎರಡು ಸಲ ಓದಿ ತಲೆ ಕೆರೆದುಕೊಂಡ.

“ಸಾ, ನಿಮ್ಮನೇಲಿ ಕೆಲ್ಸದೋರು ಯಾರವ್ರೆ?”

ಜಗಲಿಯಲ್ಲಿ ಇದ್ದವರೆಲ್ಲ ನಕ್ಕರು. “ಅಟ್ಟೆ ಒಡೆಯೋರ ಮನೇಲಿ ಕೆಲ್ಸದೋರ್ನ ಎಲ್ಲಿಂದ ತಂದೀಯೆ ಪುಟ್ಟಮಲ್ಲಪ್ಪ?” ಎಂದಳು ಭಾಗ್ಯಮ್ಮ.

“ಇಲ್ಲ ಕಣಮ್ಮ, ಇಂಗ್ಲೀಸ್‌ನಲ್ಲಿ ಅಂಗೇ ಬರ್ದದೆ. ಸದಾಶಿವಪ್ಪನೋರ ಮನೆ ಕೆಲ್ಸದ ಎಂಗ್ಸು, ಕಾರ್ಡು ಪೋಣಿಸ್ದೋರು, ಎಸ್ರು ಗೊತ್ತಿಲ್ಲ ಅಂತ. ಡೆನ್ಮಾರ್ಕಿನ ಮೇಡಂ ಒಬ್ರು ಕಳ್ಸವ್ರೆ, ರಿಜಿಸ್ಟರ್ಡು. ಅವ್ರ ಕೈಗೇ ಕೊಡ್ಬೇಕು.”

ಕಾರ್ಡು ಪೋಣಿಸಿದವರು ಎಂಬ ಮಾತಿಗೆ ಭಾಗ್ಯಮ್ಮನ ನಗು ಅರ್ಧಕ್ಕೆ ನಿಂತಿತು. ಕುಂಕುಮ ಇಟ್ಟವಳು ಅವಳೇ ತಾನೇ. ಅವಳು ನನ್ನ ಕಡೆ ತಿರುಗಿದಳು. ಅಷ್ಟರಲ್ಲಾದರೂ ನಾನು ಎದ್ದು ನಿಂತು ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಇದು:

“ವಿಳಾಸ ತಪ್ಪಿರ್ಬೇಕು ಪುಟ್ಟಮಲ್ಲಪ್ಪ. ವಾಪಸ್ ಕಳಿಸ್ಬಿಡು.”

ಒಳಗೆ ಒರಳಿನ ಸದ್ದು ನಿಂತಿತು. ಅಕ್ಕ ಹೂರಣದ ಕೈಯನ್ನು ತೊಳೆದುಕೊಂಡು ಹೊರಗೆ ಬಂದಳು. ನನ್ನನ್ನು ನೋಡಲಿಲ್ಲ.

“ತಪ್ಪಿಲ್ಲ ಕಣಪ್ಪ, ನಾನೇಯಾ ಅದು. ಎಲ್ಲಿ ರುಜು ಆಕ್ಬೇಕು ತೋರ್ಸು.”

ಪುಟ್ಟಮಲ್ಲಪ್ಪ ಪೆನ್ಸಿಲ್ಲು ಕೊಟ್ಟ. ಅವಳು ಗೋಡೆಗೆ ಒತ್ತಿ ಹಿಡಿದು, ಒಂದೊಂದೇ ಅಕ್ಷರವನ್ನು ಕೂರಿಸಿ ಬರೆದಳು: ಶಿವನಂಜಮ್ಮ.

“ಈ ಚೀಟಿ ಆ ಯಮ್ಮನ್ ತಾವ್ಕೆ ಓಯ್ತದಾ?”

“ಓಯ್ತದೆ ಕಣಮ್ಮ. ಮುಟ್ತು ಅನ್ನಕ್ಕೆ ಇದೇ ಗುರ್ತು.”

“ಓಗ್ಲಿ. ಎಸ್ರಾರ ಗೊತ್ತಾಗ್ಲಿ.”

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಹೋಳಿಗೆಗೆ ಯಾರೂ ಕಾಯಲಿಲ್ಲ. ಅಕ್ಕ ಒಳಗೆ ಕೂತು ಪಾರ್ಸೆಲ್ಲು ಬಿಚ್ಚಿದಳು. ಚಿಕ್ಕ ಕತ್ತರಿ, ದಾರ ಕತ್ತರಿಸುವಂಥದ್ದು, ಜೊತೆಗೆ ಒಂದು ಕಾಗದ. ಕಾಗದವನ್ನು ನನ್ನ ಕಡೆ ಚಾಚಿದಳು.

“ಓದ್ಲಾ. ನೀನು ಓದ್ದೋನು.”

ಓದಿದೆ. ಒಂದು ಪದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸುಳ್ಳಿಗೆ ನನ್ನಲ್ಲಿ ತ್ರಾಣ ಇರಲಿಲ್ಲ. ನಿಮ್ಮ ಹೆಸರು ನನಗೆ ತಿಳಿಯದು, ನಿಮ್ಮ ಯಜಮಾನರಿಗೂ ಗೊತ್ತಿರಲಿಲ್ಲ ಎಂದು ಬರೆದಿದ್ದರು ಮೇಡಂ. ನೀವು ಪೋಣಿಸಿದ ಕಾರ್ಡುಗಳು ನನ್ನ ಕೋಣೆಯ ಗೋಡೆಯ ಮೇಲಿವೆ. ಕೆಸರು ಅಂಟಿದ ಇಪ್ಪತ್ತಾರು ಕಾರ್ಡು ಒಟ್ಟಿಗೆ ಬಿದ್ದಿರಬೇಕು, ಯಾರೋ ಅವನ್ನು ಒಂದೊಂದಾಗಿ ತಮ್ಮ ಜಾಗಕ್ಕೆ ಸೇರಿಸಿದ್ದಾರೆ. ತೂತು ಓದಬಲ್ಲವರು ಮಾತ್ರ ಮಾಡುವ ಕೆಲಸ ಅದು. ನಿಮ್ಮ ಯಜಮಾನರಿಗೆ ಅದು ಬರುವುದಿಲ್ಲ ಎಂದು ನಾನು ಬಲ್ಲೆ. ಈ ಕತ್ತರಿ ನಿಮಗೆ.

ಅಕ್ಕ ಕತ್ತರಿಯನ್ನು ಎರಡು ಸಲ ಆಡಿಸಿ ನೋಡಿದಳು. ಗೂಡಿನಿಂದ ಅರ್ಧ ಪೋಣಿಸಿದ್ದ ಅಟ್ಟೆಯ ಸರವನ್ನು ಇಳಿಸಿಕೊಂಡು ಚಾಪೆಯ ಮೇಲೆ ಕೂತಳು. ದಾರ ನಾಲಿಗೆಗೆ ಒತ್ತಿ ಸೂಜಿಗೆ ಪೋಣಿಸಿದಳು.

“ಯಜಮಾನ್ರು ಅಂದ್ರೆ ನೀನಾ?”

ಅವಳು ಒಂದು ಗಂಟು ಹಾಕಿ, ಹೊಸ ಕತ್ತರಿಯಲ್ಲಿ ದಾರ ಕತ್ತರಿಸಿ, ತಲೆ ಎತ್ತದೆ ಕೇಳಿದಳು.

“ಸಂಬ್ಳ ಎಷ್ಟು ಕೊಡ್ತೀನಿ ಅಂತ ಯೋಳಿದ್ಯಲಾ ಆ ಯಮ್ಮಂಗೆ?”